ತಿಂಗಳಿಗೆ 4 ಲೀಟರ್ ಎಣ್ಣೆ, ದಿನಕ್ಕೊಂದು ಕಾಯಿ: ಬೊಜ್ಜಿಗೂ ಹೊಟ್ಟೆ ಉಬ್ಬರಕ್ಕೂ ಇದೇ ಕಾರಣವಾ?

ಮಲ್ಪೆಬದಿ:

ಎಲ್ಲರಿಗೂ ನಮಸ್ಕಾರ. ಉಡುಪಿಯಲ್ಲಿ ನಾಲ್ಕು ಜನರ ಮನೆ ನಮ್ಮದು. ಅಪ್ಪ (61), ಅಮ್ಮ (56), ನಾನು, ಹೆಂಡತಿ. ಮೀನು ದಿನಾ ಅಂದರೂ ತಪ್ಪಿಲ್ಲ, ಕೋಳಿ ವಾರಕ್ಕೊಮ್ಮೆ. ತಿಂಗಳ ಖರ್ಚು ಹೀಗುಂಟು: ತೆಂಗಿನೆಣ್ಣೆ 2 ಲೀಟರ್, ಸೂರ್ಯಕಾಂತಿ ಎಣ್ಣೆ 2 ಲೀಟರ್, ತುಪ್ಪ ಅರ್ಧ ಕಿಲೋ, ಕಾಯಿ ದಿನಕ್ಕೆ ಒಂದು. ಸಂಜೆ ಚಾಕ್ಕೆ ವಾರದಲ್ಲಿ ಮೂರ್ನಾಲ್ಕು ದಿನ ಗೋಳಿಬಜೆಯೋ ಬನ್ಸೋ ಇರ್ತದೆ, ಮನೆಯಲ್ಲೇ ಕರಿಯುವುದು.

ಅಪ್ಪನ ಎತ್ತರ 168 ಸೆಂ.ಮೀ., ತೂಕ 79 ಕಿಲೋ, ಸೊಂಟದ ಸುತ್ತಳತೆ 101 ಸೆಂ.ಮೀ. ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 148, ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಕೊಬ್ಬು) 210. ಊಟ ಆದ ಮೇಲೆ ಹೊಟ್ಟೆ ಉಬ್ಬರ, ಹುಳಿತೇಗು. ಅಮ್ಮನದ್ದು ಬೇರೆ ಕಥೆ. ಪಿತ್ತಕೋಶ ತೆಗೆದಾಗಿದೆ, ಕಾಯಿಹಾಲಿನ ಗಸಿ ತಿಂದರೆ ಗಂಟೆಯೊಳಗೆ ಹೊಟ್ಟೆ ಕೆಡ್ತದೆ.

ವಾಟ್ಸ್ಆ್ಯಪ್‌ನಲ್ಲಿ ಎರಡು ಮಾತು ಓಡಾಡ್ತಾ ಉಂಟು. ಒಂದು, ಬೆಳಿಗ್ಗೆ ಖಾಲಿ ಹೊಟ್ಟೆಗೆ ಎರಡು ಚಮಚ ತೆಂಗಿನೆಣ್ಣೆ ಕುಡಿದರೆ ಹೊಟ್ಟೆ ಕರಗ್ತದೆ. ಇನ್ನೊಂದು, ತುಪ್ಪದಲ್ಲಿ ಬ್ಯುಟಿರೇಟ್ ಇದೆ, ಕರುಳಿಗೆ ಅಮೃತ. ಎರಡನ್ನೂ ಅಪ್ಪ ನಂಬಿದ್ದಾರೆ. ನಿಜ ಎಷ್ಟು? ಎಣ್ಣೆ ಬದಲಿಸಬೇಕಾ, ಕಡಿಮೆ ಮಾಡಬೇಕಾ? ಕಡಿಮೆ ಅಂದರೆ ಎಷ್ಟಕ್ಕೆ ಇಳಿಸುವುದು? "ಎಣ್ಣೆ ಪದಾರ್ಥ ಬಿಡಿ" ಅಂತ ಮಾತ್ರ ಹೇಳಬೇಡಿ, ಅದನ್ನು ಡಾಕ್ಟರೇ ಹೇಳಿ ಆಗಿದೆ.

ಪಥ್ಯದ ಲೆಕ್ಕ:

ನೀವು ಅಳತೆ ಕೊಟ್ಟಿರುವುದರಿಂದ ಲೆಕ್ಕ ಹಾಕಿಯೇ ಮಾತಾಡಬಹುದು.

1 ಲೀಟರ್ ಎಣ್ಣೆ ಎಂದರೆ ತೂಕದಲ್ಲಿ ಸುಮಾರು 920 ಗ್ರಾಂ. 4 ಲೀಟರಿಗೆ 3,680 ಗ್ರಾಂ, ತುಪ್ಪದ 500 ಸೇರಿ 4,180. ಇದನ್ನು 4 ಜನ, 30 ದಿನಕ್ಕೆ ಹಂಚಿದರೆ ತಲಾ ದಿನಕ್ಕೆ 35 ಗ್ರಾಂ ಬಂತು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಪ್ರಮಾಣ, ಹೆಚ್ಚು ಮೈಮುರಿದು ದುಡಿಯದ ಗಂಡಸಿಗೆ 25 ಗ್ರಾಂ, ಹೆಂಗಸಿಗೆ 20 ಗ್ರಾಂ. ಇದು ಕಣ್ಣಿಗೆ ಕಾಣುವ ಎಣ್ಣೆ-ತುಪ್ಪಕ್ಕೆ ಮಾತ್ರ.

ನಮ್ಮ ಜಿಲ್ಲೆಗಳಲ್ಲಿ ಎಡವುವುದು ಮುಂದಿನ ಹೆಜ್ಜೆಯಲ್ಲಿ. ಆ ಲೆಕ್ಕಕ್ಕೆ ಕಾಯಿ ಸೇರುವುದಿಲ್ಲ. ಒಂದು ಮಧ್ಯಮ ಕಾಯಿ ತುರಿದರೆ ಸುಮಾರು 250 ಗ್ರಾಂ ತುರಿ, ಅದರಲ್ಲಿ ಮೂರನೇ ಒಂದು ಪಾಲು ಕೊಬ್ಬು, ಅಂದರೆ 80 ಗ್ರಾಂಗೂ ಮೇಲೆ. ತಲಾ 20 ಗ್ರಾಂ. ಅಲ್ಲಿಗೆ 55 ಆಯಿತು. ಅಕ್ಕಿ, ಬೇಳೆ, ಹಾಲು, ಮೀನಿನಲ್ಲಿ ಅಡಗಿರುವುದು ಇನ್ನೊಂದು 15 ಗ್ರಾಂ ಎಂದಿಟ್ಟುಕೊಂಡರೆ 70 ಗ್ರಾಂ. ಗ್ರಾಂಗೆ 9 ಕ್ಯಾಲೊರಿಯಂತೆ 630. ಅಪ್ಪನ ವಯಸ್ಸಿಗೆ, ಕೂತು ಮಾಡುವ ದಿನಚರಿಗೆ, ಇಡೀ ದಿನಕ್ಕೆ ಬೇಕಾಗಿರುವುದೇ 1,800–1,900. ಮೂರನೇ ಒಂದು ಪಾಲು ಕೊಬ್ಬಿನಿಂದಲೇ ಬರುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ 2023ರ ಸಲಹೆ ಶೇ. 30ರೊಳಗೆ ಇರಲಿ ಎಂದು.

ಸ್ಯಾಚುರೇಟೆಡ್ ಕೊಬ್ಬಿನ (ಎಲ್‌ಡಿಎಲ್ ಏರಿಸುವ ಬಗೆಯ ಕೊಬ್ಬು) ಲೆಕ್ಕ ಇನ್ನೂ ಬಿಗಿ. ತೆಂಗಿನೆಣ್ಣೆಯಲ್ಲಿ ಅದು ಶೇ. 90ರ ಹತ್ತಿರ, ತುಪ್ಪದಲ್ಲಿ 60ಕ್ಕೂ ಮೇಲೆ, ಸೂರ್ಯಕಾಂತಿಯಲ್ಲಿ 11ರ ಆಸುಪಾಸು. ನಿಮ್ಮ ಮನೆಯಲ್ಲಿ ತಲಾ: ತೆಂಗಿನೆಣ್ಣೆಯಿಂದ 14 ಗ್ರಾಂ, ಕಾಯಿಯಿಂದ 18, ತುಪ್ಪದಿಂದ 2.5, ಸೂರ್ಯಕಾಂತಿಯಿಂದ 1.5. ಒಟ್ಟು 36. ಮಿತಿ ದಿನದ ಕ್ಯಾಲೊರಿಯ ಶೇ. 10, ಅಂದರೆ 2,000 ಕ್ಯಾಲೊರಿ ತಿನ್ನುವವರಿಗೂ 22 ಗ್ರಾಂ.

ಇಳಿಸಬೇಕಾದ ಗುರಿ ಹೀಗೆ: ತಿಂಗಳಿಗೆ ತೆಂಗಿನೆಣ್ಣೆ 1 ಲೀಟರ್, ನೆಲಗಡಲೆ ಅಥವಾ ಅಕ್ಕಿತೌಡಿನ ಎಣ್ಣೆ ಒಂದೂವರೆ ಲೀಟರ್, ತುಪ್ಪ ಕಾಲು ಕಿಲೋ, ಕಾಯಿ ದಿನಕ್ಕೆ ಅರ್ಧ. ಕಾಣುವ ಎಣ್ಣೆ ತಲಾ 21 ಗ್ರಾಂಗೆ ಬಂತು, ಸ್ಯಾಚುರೇಟೆಡ್ ಕೊಬ್ಬು ಹಾಲು-ಮೀನಿನದ್ದೂ ಸೇರಿ 22ರ ಹತ್ತಿರ ನಿಂತಿತು. ತಲಾ ದಿನಕ್ಕೆ 210 ಕ್ಯಾಲೊರಿ ಕಡಿಮೆ. ಊಟದ ರುಚಿ ಕೆಡುವಷ್ಟು ಕಡಿತವೇನೂ ಅಲ್ಲ ಇದು.

ಮಾಡುವ ಕ್ರಮ: ಬೆಳಿಗ್ಗೆ ದೊಡ್ಡ ಡಬ್ಬದಿಂದ 80 ಎಂ.ಎಲ್. ಎಣ್ಣೆಯನ್ನು ಸಣ್ಣ ಸ್ಟೀಲ್ ಲೋಟಕ್ಕೆ ಅಳೆದು ಹಾಕಿ. ಟೀ ಚಮಚದಲ್ಲಿ 16. ಇಡೀ ದಿನದ ಅಡುಗೆ ಅದರಲ್ಲೇ. ದೋಸೆಗೆ 3 ಚಮಚ, ಮಧ್ಯಾಹ್ನದ ಒಗ್ಗರಣೆ-ಪಲ್ಯಕ್ಕೆ 4, ಮೀನಿಗೆ 4, ರಾತ್ರಿಗೆ 4. ಒಂದು ಉಳಿಯುತ್ತದೆ. ಕರಿಯುವ ದಿನ ಇದ್ದರೆ ಹಿಂದಿನ ಎರಡು ದಿನ ಉಳಿಸಿ. ಎಣ್ಣೆ ಡಬ್ಬದಿಂದ ನೇರ ಬಾಣಲೆಗೆ ಸುರಿಯುವ ಅಭ್ಯಾಸ ಇದ್ದಲ್ಲಿ ಯಾವ ಡಯಟ್ ಚಾರ್ಟೂ ನಡೆಯುವುದಿಲ್ಲ, ಅಡುಗೆ ಮಾಡುವವರ ಕೈಯಲ್ಲಿ ಒಂದು ಚಮಚ ಎನ್ನುವುದು ಮೂರು ಚಮಚ ಆಗಿರುತ್ತದೆ.

ಒಂದು ಎಚ್ಚರಿಕೆ. ಎಣ್ಣೆ ಕಡಿಮೆ ಮಾಡಿದ ಜಾಗಕ್ಕೆ ಇನ್ನೊಂದು ಸೌಟು ಅನ್ನ, ಮೇರಿ ಬಿಸ್ಕತ್ತು, ಬ್ರೆಡ್ ಬಂದರೆ ಅಪ್ಪನ ಟ್ರೈಗ್ಲಿಸರೈಡ್ 210 ಇದ್ದದ್ದು ಇಳಿಯುವುದಿಲ್ಲ, ಏರಲೂಬಹುದು. ಆ ಜಾಗಕ್ಕೆ ಬೇಳೆ-ಕಾಳು, ಮೀನು, ತರಕಾರಿ ಬರಬೇಕು. ಅಪ್ಪನ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಎನ್ನುವ ಸೂಚ್ಯಂಕ) 28. ನಮ್ಮ ದೇಶದವರಿಗೆ 25ಕ್ಕೇ ಬೊಜ್ಜು ಎಂದು ಎಣಿಸುತ್ತಾರೆ, ಸೊಂಟ ಗಂಡಸರಿಗೆ 90 ಸೆಂ.ಮೀ. ಮೀರಬಾರದು. ತೂಕದಲ್ಲಿ ಶೇ. 5 ಇಳಿದರೆ, ಅಂದರೆ 4 ಕಿಲೋ, ಲಿವರಿನ ಕೊಬ್ಬು ಇಳಿಯಲು ಶುರು. 7ರಿಂದ 10 ಇಳಿದರೆ ಲಿವರಿನ ಉರಿಯೂತವೂ ತಗ್ಗುವ ಸಾಧ್ಯತೆ ಚೆನ್ನಾಗಿರುತ್ತದೆ. ಆರು ತಿಂಗಳ ಅವಧಿ ಇಟ್ಟುಕೊಳ್ಳಿ. ಉಪವಾಸ ಬಿದ್ದು ಒಂದೇ ಸಲ ಇಳಿಸಿದರೆ ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು.

ಗಾಣದಬೆಟ್ಟು:

ಇದೆಂತ ಮಾರಾಯ್ರೇ, ತೆಂಗಿನೆಣ್ಣೆ ಅಂದ ಕೂಡಲೇ ಎಲ್ಲರಿಗೂ ಅದರ ಮೇಲೆಯೇ ಕಣ್ಣು. ಅಜ್ಜ-ಅಜ್ಜಿಯರ ಕಾಲದಲ್ಲಿ ಈ ಊರಲ್ಲಿ ಬೇರೆ ಎಣ್ಣೆಯೇ ಇರಲಿಲ್ಲ, ಆಗ ಫ್ಯಾಟಿ ಲಿವರ್ ಅಂತ ಯಾರು ಕೇಳಿದ್ದರು? ಪ್ಯಾಕೆಟ್ ಎಣ್ಣೆ ಬಂದ ಮೇಲೆ ಶುರುವಾದ ಕಾಯಿಲೆ ಇದು. ಗಾಣದ ಎಣ್ಣೆಯನ್ನೂ ರಿಫೈನ್ಡ್ ಎಣ್ಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ತೆಂಗಿನೆಣ್ಣೆಯ ಕೊಬ್ಬು ನೇರ ಲಿವರಿಗೆ ಹೋಗಿ ಉರಿದು ಹೋಗ್ತದೆ, ಮೈಯಲ್ಲಿ ನಿಲ್ಲುವುದಿಲ್ಲ. ಇದು ವಿಜ್ಞಾನವೇ ಹೇಳಿದ್ದು.

ಪಥ್ಯದ ಲೆಕ್ಕ:

ಗಾಣದಬೆಟ್ಟು ಅವರೇ, "ನೇರ ಲಿವರಿಗೆ ಹೋಗ್ತದೆ" ಎನ್ನುವ ಮಾತು ಎಲ್ಲಿಂದ ಬಂತು ನೋಡಿ. ಅದು 8 ಮತ್ತು 10 ಇಂಗಾಲದ ಸರಪಳಿಯ ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಆಮ್ಲಗಳ ಗುಣ. ಪ್ರಯೋಗಗಳಲ್ಲಿ ತೂಕ ತುಸು ಇಳಿಯಿತು ಎಂದದ್ದು ಅವುಗಳನ್ನೇ ಬೇರ್ಪಡಿಸಿ ಮಾಡಿದ ಎಂಸಿಟಿ (ಮಧ್ಯಮ ಸರಪಳಿ ಕೊಬ್ಬಿನ) ಎಣ್ಣೆಗೆ. ತೆಂಗಿನೆಣ್ಣೆಯಲ್ಲಿ ಆ ಎರಡೂ ಸೇರಿ ಶೇ. 15ರೊಳಗೆ. ಅರ್ಧದಷ್ಟು ಇರುವುದು 12 ಇಂಗಾಲದ ಲಾರಿಕ್ ಆಮ್ಲ. ಪುಸ್ತಕದಲ್ಲಿ ಅದನ್ನೂ ಮಧ್ಯಮ ಸರಪಳಿಗೆ ಸೇರಿಸುತ್ತಾರೆ, ಆದರೆ ದೇಹದೊಳಗೆ ಅದರ ಬಹುಪಾಲು ಉದ್ದ ಸರಪಳಿಯ ಕೊಬ್ಬಿನ ದಾರಿಯಲ್ಲೇ, ದುಗ್ಧನಾಳಗಳ ಮೂಲಕವೇ ಹೋಗುತ್ತದೆ. ಗಾಣದ್ದಾದರೂ ಮಿಲ್ಲಿನದ್ದಾದರೂ ಈ ಆಮ್ಲಗಳ ಪ್ರಮಾಣ ಬದಲಾಗುವುದಿಲ್ಲ. ಗಾಣದ್ದರಲ್ಲಿ ಪರಿಮಳ, ಒಂದಿಷ್ಟು ಪಾಲಿಫೀನಾಲ್ ಜಾಸ್ತಿ, ಅಷ್ಟೇ.

2020ರಲ್ಲಿ ಸರ್ಕ್ಯುಲೇಷನ್ ಪತ್ರಿಕೆಯಲ್ಲಿ 16 ಪ್ರಯೋಗಗಳನ್ನು ಒಟ್ಟು ಹಾಕಿ ನೋಡಿದ್ದಾರೆ. ಉಷ್ಣವಲಯದ್ದಲ್ಲದ ಸಸ್ಯತೈಲಗಳಿಗೆ ಹೋಲಿಸಿದರೆ ತೆಂಗಿನೆಣ್ಣೆಯಿಂದ ಎಲ್‌ಡಿಎಲ್ ಸುಮಾರು 10 ಅಂಕ ಹೆಚ್ಚು. ಎಚ್‌ಡಿಎಲ್ (ಒಳ್ಳೆಯ ಕೊಲೆಸ್ಟ್ರಾಲ್) ಕೂಡ 4 ಅಂಕ ಏರಿತು, ಅದನ್ನೂ ಹೇಳಬೇಕು. ತೂಕ, ಸೊಂಟದಲ್ಲಿ ಲಾಭ ಕಾಣಲಿಲ್ಲ.

ಫ್ಯಾಟಿ ಲಿವರ್ ಇರುವವರಿಗೆ ಇನ್ನೊಂದು ಪ್ರಯೋಗ ಮುಖ್ಯ. 2014ರಲ್ಲಿ ಸ್ವೀಡನ್ನಿನವರು 39 ಜನಕ್ಕೆ ಏಳು ವಾರ ಹೆಚ್ಚುವರಿ ಮಫಿನ್ ತಿನ್ನಿಸಿದರು. ಅರ್ಧ ಜನಕ್ಕೆ ತಾಳೆ ಎಣ್ಣೆಯದ್ದು, ಉಳಿದವರಿಗೆ ಸೂರ್ಯಕಾಂತಿಯದ್ದು. ತೂಕ ಎರಡೂ ಗುಂಪಿನಲ್ಲಿ ಒಂದೇ, 1.6 ಕಿಲೋ ಏರಿತು. ಲಿವರಿನ ಮತ್ತು ಹೊಟ್ಟೆಯೊಳಗಿನ ಕೊಬ್ಬು ಮಾತ್ರ ತಾಳೆ ಎಣ್ಣೆಯವರಲ್ಲಿ ಜಾಸ್ತಿ ಸೇರಿತು. ಹಾಗಾಗಿ ತೂಕಕ್ಕೆ ಎಣ್ಣೆಯ ಪ್ರಮಾಣ ಮುಖ್ಯ, ಆ ಕೊಬ್ಬು ಎಲ್ಲಿ ಹೋಗಿ ಕೂರುತ್ತದೆ ಎನ್ನುವುದಕ್ಕೆ ಎಣ್ಣೆಯ ಜಾತಿಯೂ ಮುಖ್ಯ.

ಅಜ್ಜಂದಿರ ಕಾಲದಲ್ಲಿ ಎಣ್ಣೆ ಬಂದದ್ದು ಕುಪ್ಪಿಯಲ್ಲಿ, ಕರಿದ ತಿಂಡಿ ಹಬ್ಬಕ್ಕೆ. ಗದ್ದೆ ಕೆಲಸ ದಿನಾ. ಆ ಊಟದಿಂದ ತೆಂಗಿನೆಣ್ಣೆಯೊಂದನ್ನೇ ಎತ್ತಿಕೊಂಡು ಬಂದರೆ ಹೇಗೆ? ನಾನು ಬಿಡಿ ಎಂದಿಲ್ಲ, ತಿಂಗಳಿಗೆ 1 ಲೀಟರ್ ಇಟ್ಟಿದ್ದೇನಲ್ಲ. ಖಾಲಿ ಹೊಟ್ಟೆಯ ಎರಡು ಚಮಚ ಮಾತ್ರ ಬೇಡ. ಊಟದ ಚಮಚದಲ್ಲಿ ಕುಡಿದರೆ 27 ಗ್ರಾಂ, ಸುಮಾರು 240 ಕ್ಯಾಲೊರಿ. ನಾವು ಕಷ್ಟಪಟ್ಟು ಇಳಿಸಿದ 210 ಬೆಳಿಗ್ಗೆ ಏಳು ಗಂಟೆಗೇ ವಾಪಸ್.

ಕರುಳುಬಲ್ಲವ:

ಕರುಳಿನ ವಿಷಯ ಯಾರೂ ಮುಟ್ಟಿಲ್ಲವಾದ್ದರಿಂದ ಅದನ್ನು ಬರೆಯುತ್ತೇನೆ.

ಆರೋಗ್ಯವಂತನ ಸಣ್ಣ ಕರುಳು ತಿಂದ ಕೊಬ್ಬಿನಲ್ಲಿ ಶೇ. 95ರಷ್ಟನ್ನು ಹೀರಿಕೊಂಡುಬಿಡುತ್ತದೆ. ಬ್ಯಾಕ್ಟೀರಿಯಾಗಳ ದೊಡ್ಡ ಸಂಸಾರ ಇರುವುದು ದೊಡ್ಡ ಕರುಳಿನಲ್ಲಿ. ಅಲ್ಲಿಗೆ ಕೊಬ್ಬು ಹೆಚ್ಚು ತಲುಪುವುದೇ ಇಲ್ಲ ಎಂದ ಮೇಲೆ ಕೊಬ್ಬಿನಿಂದ ಅವುಗಳಿಗೆ ಏನಾಗುತ್ತದೆ? ಮುಖ್ಯ ದಾರಿ ಪಿತ್ತರಸ. ಕೊಬ್ಬು ಹೆಚ್ಚಿದಷ್ಟು ಪಿತ್ತ ಹೆಚ್ಚು ಸುರಿಯುತ್ತದೆ. ಪಿತ್ತಾಮ್ಲದ ಶೇ. 95 ಸಣ್ಣ ಕರುಳಿನ ಕೊನೆಯಲ್ಲಿ ವಾಪಸ್ ಹೀರಲ್ಪಟ್ಟು ಲಿವರಿಗೆ ಹೋಗುತ್ತದೆ, ಉಳಿದದ್ದು ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಡಿಆಕ್ಸಿಕೋಲಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಇದು ಕರುಳಿನ ಒಳಪದರವನ್ನು ಕೆರಳಿಸುವ ವಸ್ತು, ಜೊತೆಗೆ ಸೂಕ್ಷ್ಮ ಜಾತಿಯ ಬ್ಯಾಕ್ಟೀರಿಯಾಗಳನ್ನು ಸಾಯಿಸುತ್ತದೆ, ಪಿತ್ತ ತಡೆಯಬಲ್ಲವು ಉಳಿಯುತ್ತವೆ. 2012ರ ಒಂದು ಇಲಿ ಪ್ರಯೋಗದಲ್ಲಿ ಹಾಲಿನ ಕೊಬ್ಬು ತಿನ್ನಿಸಿದಾಗ ಬೈಲೋಫಿಲಾ ಎನ್ನುವ ಜಾತಿ ಹೀಗೇ ಹೆಚ್ಚಿತು, ಕರುಳಿನ ಉರಿಯೂತಕ್ಕೆ ಮೊದಲೇ ಒಲವಿದ್ದ ಇಲಿಗಳಲ್ಲಿ ಕಾಯಿಲೆ ಜೋರಾಯಿತು. ಇಲಿಯ ಫಲಿತಾಂಶವನ್ನು ನೇರ ನಮ್ಮ ತಟ್ಟೆಗೆ ಬಡಿಸಬಾರದು, ಆದರೆ ದಾರಿ ಯಾವುದು ಎಂದು ತಿಳಿಯಲು ಸಾಕು.

ಮನುಷ್ಯರದ್ದು ಬೇಕೆಂದರೆ ಚೀನಾದ ಪ್ರಯೋಗ ಇದೆ, 2019ರಲ್ಲಿ ಗಟ್ ಪತ್ರಿಕೆಯಲ್ಲಿ ಬಂದದ್ದು. 217 ಆರೋಗ್ಯವಂತ ಯುವಜನ, ಆರು ತಿಂಗಳು. ಕ್ಯಾಲೊರಿಯಲ್ಲಿ ಕೊಬ್ಬಿನ ಪಾಲು ಒಂದು ಗುಂಪಿಗೆ ಶೇ. 20, ಇನ್ನೊಂದಕ್ಕೆ 30, ಮತ್ತೊಂದಕ್ಕೆ 40. ಹೆಚ್ಚುವರಿ ಕೊಬ್ಬೆಲ್ಲ ಸೋಯಾ ಎಣ್ಣೆಯದ್ದು, ಜಾಗ ಬಿಟ್ಟುಕೊಟ್ಟದ್ದು ಅನ್ನ, ಗೋಧಿ. 40ರ ಗುಂಪಿನಲ್ಲಿ ಫೀಕ್ಯಾಲಿಬ್ಯಾಕ್ಟೀರಿಯಂ ಎಂಬ ಉಪಕಾರಿ ಜಾತಿ ಇಳಿಯಿತು, ಬ್ಯುಟಿರೇಟ್ ತಯಾರಿ ಕುಗ್ಗಿತು, ರಕ್ತದಲ್ಲಿ ಉರಿಯೂತದ ಸೂಚಕಗಳು ಏರಿದವು. ನಾರಿನಂಶ ಮೂರೂ ಗುಂಪಿಗೆ ಹೆಚ್ಚುಕಡಿಮೆ ಒಂದೇ ಇತ್ತು. ಗಾಣದಬೆಟ್ಟು ಅವರು ಸಮಾಧಾನ ಪಟ್ಟುಕೊಳ್ಳಲಿ, ಇಲ್ಲಿ ಆರೋಪಿ ತೆಂಗಿನೆಣ್ಣೆ ಅಲ್ಲ, ಪ್ಯಾಕೆಟ್ ಎಣ್ಣೆಯೇ.

ಈಗ ತುಪ್ಪದ ಬ್ಯುಟಿರೇಟ್. ದೊಡ್ಡ ಕರುಳಿನ ಗೋಡೆಯ ಜೀವಕೋಶಗಳಿಗೆ ಬ್ಯುಟಿರೇಟ್ ಮುಖ್ಯ ಆಹಾರ, ಇದು ನಿಜ. ತುಪ್ಪದಲ್ಲಿ ಅದು ಶೇ. 3–4 ಇದೆ, ಇದೂ ನಿಜ. ಆದರೆ ಒಂದು ಟೀ ಚಮಚ ತುಪ್ಪಕ್ಕೆ ಬರುವುದು ಹೆಚ್ಚೆಂದರೆ 0.2 ಗ್ರಾಂ, ಅದೂ ಸಣ್ಣ ಕರುಳಿನ ಮೇಲ್ಭಾಗದಲ್ಲೇ ಹೀರಿಹೋಗುತ್ತದೆ. ಬೇಕಾದ ಜಾಗ ಅಲ್ಲಿಂದ ಮೀಟರುಗಟ್ಟಲೆ ಕೆಳಗೆ. ಅಲ್ಲಿ ಬ್ಯುಟಿರೇಟ್ ಬೇಕೆಂದರೆ ಅಲ್ಲಿಯೇ ತಯಾರಾಗಬೇಕು. ತಯಾರಿಸುವುದು ಬ್ಯಾಕ್ಟೀರಿಯಾ, ಕಚ್ಚಾ ಮಾಲು ನಾರು ಮತ್ತು ಜೀರ್ಣವಾಗದೆ ಉಳಿದ ಪಿಷ್ಟ. ನಾರು ಸರಿಯಾಗಿ ತಿನ್ನುವವರ ಕರುಳಿನಲ್ಲಿ ದಿನಕ್ಕೆ ಹಲವು ಗ್ರಾಂ ತಯಾರಾಗುತ್ತದೆ. ತುಪ್ಪ ರುಚಿಗೆ ತಿನ್ನಿ, ಔಷಧಿ ಎಂದು ತಿನ್ನಬೇಡಿ.

ಕಚ್ಚಾ ಮಾಲು ನಮ್ಮಲ್ಲಿ ಬೇಕಾದಷ್ಟಿದೆ. ಬೆಳ್ತಿಗೆ (ಬಿಳಿ ಅಕ್ಕಿ) ಬದಲು ಕಜೆ ಕುಚ್ಚಲಕ್ಕಿ (ತೌಡು ಉಳಿದ ಕೆಂಪು ಅಕ್ಕಿ). ಅನ್ನ ಬೆಂದು ತಣ್ಣಗಾದಾಗ ಪಿಷ್ಟದ ಒಂದಂಶ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಮತ್ತೆ ಬಿಸಿ ಮಾಡಿದರೂ ಪೂರ್ತಿ ಹೋಗುವುದಿಲ್ಲ. ರಾತ್ರಿಯ ಗಂಜಿ ಬೆಳಿಗ್ಗೆ ಉಂಡರೆ ಒಳ್ಳೆಯದೇ. ಆದರೆ ನಮ್ಮ ಸೆಕೆಗೆ ಹೊರಗೆ ಇಡಬೇಡಿ, ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಲಿ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ವಿಷ ಬಿಸಿ ಮಾಡಿದರೂ ನಾಶವಾಗುವಂಥದ್ದಲ್ಲ. ಬಸಳೆ, ಹರಿವೆ, ಬಾಳೆದಿಂಡು, ಬಾಳೆಹೂವು, ಅಲಸಂಡೆ, ಇಡೀ ಹೆಸರು, ಹುರುಳಿ. ಬೇಯಿಸಿದ ಇಡೀ ಹೆಸರು ಅರ್ಧ ಕಪ್ಪಿಗೆ ಸುಮಾರು 7 ಗ್ರಾಂ ನಾರು. ದಿನದ ಗುರಿ 30 ಗ್ರಾಂ. ಕಾಯಿತುರಿಯಲ್ಲೂ ನಾರಿದೆ, 100 ಗ್ರಾಂಗೆ 9. ಅದೇ ಕಾಯಿಯ ಹಾಲು ಹಿಂಡಿದರೆ ಕೊಬ್ಬು ಪಾತ್ರೆಗೆ ಬರುತ್ತದೆ, ನಾರು ಬಟ್ಟೆಯಲ್ಲಿ ಉಳಿದು ತೊಟ್ಟಿಗೆ ಹೋಗುತ್ತದೆ. ಹಾಗಾಗಿ ಅರೆದ ಕಾಯಿಯ ಗಸಿಗೂ ಕಾಯಿಹಾಲಿನ ಗಸಿಗೂ ಕರುಳಿನ ಲೆಕ್ಕದಲ್ಲಿ ವ್ಯತ್ಯಾಸವಿದೆ.

ಆದರೆ ಇವತ್ತೇ 30 ಗ್ರಾಂ ಮಾಡಲು ಹೋಗಬೇಡಿ. ಅಪ್ಪನಿಗೆ ಈಗಾಗಲೇ ಉಬ್ಬರ ಇದೆ, ಒಮ್ಮೆಲೇ ಹುರುಳಿ-ಅಲಸಂಡೆ ಹೆಚ್ಚಿಸಿದರೆ ಗ್ಯಾಸ್ ಜೋರಾಗಿ "ಈ ಪಥ್ಯವೇ ಬೇಡ" ಎಂದುಬಿಡುತ್ತಾರೆ. ವಾರಕ್ಕೆ 5 ಗ್ರಾಂನಂತೆ ಏರಿಸಿ. ಕಾಳು ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಮೆತ್ತಗೆ ಬೇಯಿಸಿ. ನೀರು ಕುಡಿಯುವುದೂ ಹೆಚ್ಚಲಿ.

ಉಬ್ಬರ, ಹುಳಿತೇಗು ಎರಡಕ್ಕೂ ಕೊಬ್ಬಿನ ಪಾಲಿದೆ. ಕೊಬ್ಬು ಸಣ್ಣ ಕರುಳಿಗೆ ಇಳಿದ ಕೂಡಲೇ ಹೊಟ್ಟೆ ಖಾಲಿಯಾಗುವ ವೇಗ ತಗ್ಗುತ್ತದೆ, ಅನ್ನನಾಳದ ಕೆಳಗಿನ ಬಿಗಿತವೂ ಸಡಿಲವಾಗುತ್ತದೆ. ರಾತ್ರಿ ಹತ್ತಕ್ಕೆ ಮೀನು ಫ್ರೈ ತಿಂದು ಹತ್ತೂವರೆಗೆ ಮಲಗಿದರೆ ಆಮ್ಲ ಮೇಲೆ ಬಾರದೆ ಇನ್ನೇನಾಗುತ್ತದೆ? ಊಟಕ್ಕೂ ಮಲಗುವುದಕ್ಕೂ ಮೂರು ಗಂಟೆ ಇರಲಿ. ಎರಡು ವಾರ ಹೀಗೆ ನಡೆಸಿಯೂ ಉಬ್ಬರ ಇಳಿಯದಿದ್ದರೆ ಕಾರಣ ಈರುಳ್ಳಿ, ಬೆಳ್ಳುಳ್ಳಿ, ಹಾಲು ಆಗಿರಬಹುದು. ಮಲ ಬೆಳ್ಳಗೆ ಜಿಡ್ಡಾಗಿ ತೇಲುವುದು, ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಾತ್ರಿ ಎಬ್ಬಿಸುವ ಭೇದಿ, ಇವುಗಳಲ್ಲಿ ಯಾವುದಿದ್ದರೂ ಪಥ್ಯ ಮಾಡುತ್ತಾ ಕೂರಬೇಡಿ, ವೈದ್ಯರಿಗೆ ತೋರಿಸಿ.

ಬಾಣಲೆ ಬಲ್ಲೆ:

ಮೇಲಿನವರು ಗ್ರಾಂ, ಕ್ಯಾಲೊರಿ ಎಲ್ಲ ಹೇಳಿದ್ರು. ಗೋಳಿಬಜೆ ಬಿಡಲಿಕ್ಕಿಲ್ಲ ಅಂತಾದರೆ ಎಣ್ಣೆ ಕಡಿಮೆ ಕುಡಿಯುವ ಹಾಗೆ ಕರಿಯುವುದು ಹೇಗೆ, ಅದನ್ನು ನಾನು ಹೇಳ್ತೇನೆ.

ಹಿಟ್ಟು ಎಣ್ಣೆಗೆ ಬಿದ್ದಾಗ ಒಳಗಿನ ನೀರು ಆವಿಯಾಗಿ ಹೊರಗೆ ನುಗ್ಗುತ್ತಾ ಇರ್ತದೆ. ಅಷ್ಟು ಹೊತ್ತು ಎಣ್ಣೆಗೆ ಒಳಗೆ ಹೋಗ್ಲಿಕ್ಕೆ ದಾರಿ ಇಲ್ಲ. ಬಜೆಯನ್ನು ಮೇಲೆತ್ತಿದ ಮೇಲೆ ಆವಿ ನಿಲ್ತದೆ, ಒಳಗೆ ಎಳೆತ ಹುಟ್ತದೆ, ಆಗ ಮೈಮೇಲೆ ಅಂಟಿದ ಎಣ್ಣೆಯನ್ನು ಅದು ಒಳಗೆ ಎಳ್ಕೊಳ್ತದೆ. ಎಣ್ಣೆಯ ದೊಡ್ಡ ಪಾಲು ಸೇರುವುದು ತೆಗೆದ ನಂತರವೇ. ಹಾಗಾಗಿ ಜಾಲರಿ ಸೌಟಿನಲ್ಲಿ ಎತ್ತಿ, ಬಾಣಲೆಯ ಮೇಲೆಯೇ ಎರಡು ಸಲ ಚೆನ್ನಾಗಿ ಕೊಡವಿ, ತಂತಿ ಜಾಲರಿಯ ಮೇಲೆ ಒಂದರ ಮೇಲೊಂದು ಬೀಳದ ಹಾಗೆ ಹರಡಿ. ಪಾತ್ರೆಯಲ್ಲಿ ರಾಶಿ ಹಾಕಿದರೆ ಅಡಿಯಲ್ಲಿದ್ದವು ಎಣ್ಣೆಯಲ್ಲೇ ಕೂತ ಹಾಗೆ.

ಎಣ್ಣೆಯ ಬಿಸಿ 170–180 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೆ ಕಡಲೆಯಷ್ಟು ಹಿಟ್ಟು ಬಿಡಿ. ಅಡಿ ಮುಟ್ಟಿ ಎರಡು-ಮೂರು ಸೆಕೆಂಡಿಗೆ ಮೇಲೆ ಬಂದರೆ ಸರಿ. ಅಡಿಯಲ್ಲೇ ಕೂತರೆ ಎಣ್ಣೆ ತಣ್ಣಗಿದೆ, ಬಜೆ ಎಣ್ಣೆ ಕುಡಿದು ಭಾರ ಆಗ್ತದೆ. ಬಿದ್ದ ಕೂಡಲೇ ಕಂದಾದರೆ ಹೊರಗೆ ಕರಕಲು, ಒಳಗೆ ಹಸಿ. ಅರ್ಧ ಲೀಟರ್ ಎಣ್ಣೆಗೆ ಒಂದು ಸಲಕ್ಕೆ ಏಳೆಂಟು ಬಜೆಗಿಂತ ಹೆಚ್ಚು ಬಿಡಬೇಡಿ, ಬಿಸಿ ದಬಕ್ಕನೆ ಇಳೀತದೆ. ಒಂದು ಸಲದ್ದು ತೆಗೆದ ಮೇಲೆ ಅರ್ಧ ನಿಮಿಷ ಕಾಯಿರಿ.

ಹಿಟ್ಟಿನ ತಪ್ಪು ಸಾಮಾನ್ಯವಾಗಿ ಎರಡು. ಒಂದು ಸೋಡಾ. ಕಾಲು ಕಿಲೋ ಮೈದಾಕ್ಕೆ ಕಾಲು ಟೀ ಚಮಚ ಸಾಕು, ಅದೂ ಕರಿಯುವ ಮೊದಲು. ಜಾಸ್ತಿ ಹಾಕಿದರೆ ಒಳಗೆ ತೂತು ಜಾಸ್ತಿ, ಸ್ಪಂಜಿನ ಹಾಗೆ ಎಣ್ಣೆ ಹೀರ್ತದೆ. ಇನ್ನೊಂದು ತೆಳು ಹಿಟ್ಟು. ನೀರು ಹೆಚ್ಚಿದ್ದಷ್ಟು ಆ ನೀರಿನ ಜಾಗಕ್ಕೆ ಎಣ್ಣೆ ಬರ್ತದೆ. ಹುಳಿ ಮೊಸರಿನಲ್ಲೇ ಕಲಸಿ, ಕೈಯಲ್ಲಿ ಎತ್ತಿದರೆ ಮುದ್ದೆಯಾಗಿ ಬೀಳಬೇಕು, ಸುರಿಯಬಾರದು. ಎರಡು ಊಟದ ಚಮಚ ಅಕ್ಕಿಹಿಟ್ಟು ಸೇರಿಸಿದರೆ ಎಣ್ಣೆ ಹಿಡಿಯುವುದು ಇನ್ನೂ ಕಮ್ಮಿ. ಬನ್ಸಿಗೆ ಸಕ್ಕರೆ, ಬಾಳೆಹಣ್ಣು ಇರುವ ಕಾರಣ ಬೇಗ ಕೆಂಪಾಗ್ತದೆ, ಅದಕ್ಕೇ ಜನ ಉರಿ ತಗ್ಗಿಸ್ತಾರೆ, ಅಲ್ಲೇ ಎಣ್ಣೆ ಹೀರುವುದು. ಸಕ್ಕರೆ ಅರ್ಧ ಮಾಡಿ, ಉರಿ ಮಧ್ಯಮ ಇಡಿ.

ನಿಜವಾಗಿ ಎಷ್ಟು ಹೊಟ್ಟೆಗೆ ಹೋಯಿತು ಅಂತ ಗೊತ್ತಾಗಬೇಕಾದರೆ ಕರಿಯುವ ಮೊದಲು ಎಣ್ಣೆ ಅಳೆದು, ಕರಿದು ತಣ್ಣಗಾದ ಮೇಲೆ ಮತ್ತೆ ಅಳೆಯಿರಿ. ಕಮ್ಮಿಯಾದದ್ದು ತಿಂದವರ ಹೊಟ್ಟೆಯಲ್ಲಿ ಉಂಟು. ಅದನ್ನೂ ಆ 80 ಎಂ.ಎಲ್. ಲೆಕ್ಕಕ್ಕೆ ಸೇರಿಸಿ.

ಉಳಿದ ಎಣ್ಣೆ ತೆಳು ಬಟ್ಟೆಯಲ್ಲಿ ಸೋಸಿ, ಎರಡು ದಿನದೊಳಗೆ ಒಗ್ಗರಣೆಗೆ ಮುಗಿಸಿ. ಹೊಸ ಎಣ್ಣೆಗೆ ಬೆರೆಸಬೇಡಿ, ಹಳೆಯದು ಹೊಸದನ್ನೂ ಬೇಗ ಕೆಡಿಸ್ತದೆ. ನೊರೆ ನಿಲ್ಲುವುದು, ಅಂಟಂಟಾಗುವುದು, ಮೊದಲಿಗಿಂತ ಬೇಗ ಹೊಗೆ ಬರುವುದು, ಇಷ್ಟರಲ್ಲಿ ಒಂದು ಕಂಡರೂ ಚೆಲ್ಲುವುದೇ. ಹೋಟೆಲುಗಳಿಗೆ 2018ರ ಜುಲೈಯಿಂದ ನಿಯಮ ಉಂಟು, ಎಣ್ಣೆಯ ಪೋಲಾರ್ ಅಂಶ (ಕಾದು ಕೆಟ್ಟಾಗ ಹುಟ್ಟುವ ವಸ್ತು) ಶೇ. 25 ದಾಟಿದರೆ ಬಳಸುವ ಹಾಗಿಲ್ಲ ಅಂತ. ಸೂರ್ಯಕಾಂತಿ ಮತ್ತೆ ಮತ್ತೆ ಕಾಯಿಸಿದರೆ ಬೇಗ ಕೆಡ್ತದೆ. ಕರಿಯಲಿಕ್ಕೆ ನೆಲಗಡಲೆ ಎಣ್ಣೆ ತಡೀತದೆ. ತೆಂಗಿನೆಣ್ಣೆಯೂ ತಡೀತದೆ, ಆದರೆ ಗಾಣದ್ದು ಬೇಗ ಹೊಗೆ ಬರ್ತದೆ, ಉರಿ ಹದ ನೋಡಬೇಕು.

ಮೀನಿಗೆ: ಬಂಗುಡೆ, ಬೂತಾಯಿ ಎರಡರಲ್ಲೂ ಒಮೆಗಾ-3 ಚೆನ್ನಾಗಿ ಉಂಟು. ಅದನ್ನು ರವೆಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಮುಳುಗಿಸಿದರೆ ಮೀನಿನ ಒಳ್ಳೆ ಎಣ್ಣೆ ಹೊರಗೆ, ಬಾಣಲೆಯ ಎಣ್ಣೆ ಒಳಗೆ. ಪಳಗಿದ ಕಬ್ಬಿಣದ ಕಾವಲಿಯಲ್ಲಿ ನಾಲ್ಕು ಬಂಗುಡೆಗೆ 4 ಟೀ ಚಮಚ ಸಾಕು, ರವೆ ಬೇಡ, ಮಸಾಲೆ ಹಚ್ಚಿ ಅರ್ಧ ಗಂಟೆ ಒಣಗಲಿಕ್ಕೆ ಬಿಡಿ, ಕಾವಲಿ ಕಾದ ಮೇಲೆಯೇ ಇಡಿ, ಇಲ್ಲದಿದ್ದರೆ ಅಂಟ್ತದೆ, ಅಂಟಿದರೆ ಮತ್ತೆ ಎಣ್ಣೆ ಸುರೀತೀರಿ. ವಾರದಲ್ಲಿ ಮೂರು ದಿನ ಫ್ರೈ ಬದಲು ಬೂತಾಯಿ ಪುಳಿಮುಂಚಿ (ಹುಳಿ-ಮೆಣಸಿನ ಸಾರು) ಮಾಡಿ. ಕಾಯಿ ಬೇಡ, ಎಣ್ಣೆ ಎರಡು ಚಮಚ.

ಮಲ್ಪೆಬದಿ:

ತುಂಬಾ ಉಪಕಾರ ಆಯಿತು ಎಲ್ಲರಿಂದ. ಮೂರು ಸಂಶಯ ಉಳಿದಿದೆ.

ಅಪ್ಪನಿಗೆ ಯಾರೋ ಕೊಬ್ಬು ಹೀರದಂತೆ ತಡೆಯುವ ಮಾತ್ರೆ ಉಂಟು ಅಂತ ಹೇಳಿದ್ದಾರೆ. ಅದು ತಗೊಂಡು ಊಟ ಹಾಗೇ ಮುಂದುವರಿಸಬಹುದಾ? ಎರಡನೆಯದು, ಪೂರ್ತಿ ಎಣ್ಣೆ ಬಿಟ್ಟು ಬೇಯಿಸಿದ್ದೇ ತಿಂದರೆ ಬೇಗ ಇಳಿಯುವುದಿಲ್ಲವಾ? ಮೂರನೆಯದು ಅಮ್ಮನ ವಿಷಯ, ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅಮ್ಮ ಥೈರಾಯ್ಡ್ ಮಾತ್ರೆಯೂ ತಗೊಳ್ತಾರೆ.

ಪಥ್ಯದ ಲೆಕ್ಕ:

ಎರಡನೆಯದಕ್ಕೆ: ಬೇಡ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನ ಜೊತೆಗೇ ಹೀರಲ್ಪಡುವುದು. ಹರಿವೆ-ಬಸಳೆಯ ಕೆರೋಟಿನ್ ದಕ್ಕಬೇಕಾದರೂ ಆ ಊಟದಲ್ಲಿ ಒಂದು ಟೀ ಚಮಚದಷ್ಟು ಎಣ್ಣೆ ಇರಬೇಕು. ಜೊತೆಗೆ ಪಿತ್ತಕೋಶ ಹಿಂಡಿಕೊಳ್ಳುವುದೇ ಕೊಬ್ಬು ಬಂದಾಗ. ಕೊಬ್ಬೇ ಇಲ್ಲದ ಊಟದಲ್ಲಿ ಪಿತ್ತ ನಿಂತು ಗಟ್ಟಿಯಾಗುತ್ತದೆ. ನಿಮ್ಮ ಮನೆಯಲ್ಲಿ ಒಂದು ಪಿತ್ತಕೋಶ ಹೋದದ್ದು ಸಾಕು.

ಕರುಳುಬಲ್ಲವ:

ಆ ಮಾತ್ರೆ ಆರ್ಲಿಸ್ಟಾಟ್. 120 ಮಿಲಿಗ್ರಾಂ ಊಟದ ಜೊತೆ ತೆಗೆದುಕೊಂಡರೆ ಕೊಬ್ಬಿನ ಸುಮಾರು ಶೇ. 30 ಜೀರ್ಣವಾಗದೆ ಕೆಳಗೆ ಹೋಗುತ್ತದೆ. ಊಟ ಹಾಗೇ ಮುಂದುವರಿಸಿದರೆ ಆ ಎಣ್ಣೆ ಹೊರಗೆ ಬರುವುದು ಹೇಗೆಂದು ಅಪ್ಪನಿಗೆ ಮೊದಲೇ ತಿಳಿಸಿ: ಬಟ್ಟೆಗೆ ಜಿಡ್ಡು, ತಡೆಯಲಾಗದ ಅವಸರ. ಕಡಿಮೆ ಕೊಬ್ಬಿನ ಊಟ ಮಾಡುವವರಿಗೇ ಅದು ಸಹ್ಯ. ವೈದ್ಯರು ಬರೆದುಕೊಡದೆ ಬೇಡ.

ಅಮ್ಮನದ್ದು ಪಿತ್ತಾಮ್ಲದ ಭೇದಿ ಇರಬಹುದು. ಪಿತ್ತಕೋಶ ಇದ್ದಾಗ ಪಿತ್ತ ಕೂಡಿಟ್ಟು ಊಟಕ್ಕೆ ತಕ್ಕಂತೆ ಬಿಡುತ್ತಿತ್ತು, ಈಗ ಲಿವರಿನಿಂದ ಸದಾ ತೊಟ್ಟಿಕ್ಕುತ್ತಿರುತ್ತದೆ. ಹೀರಿಕೊಳ್ಳುವ ಮಿತಿ ಮೀರಿದ ಪಿತ್ತಾಮ್ಲ ದೊಡ್ಡ ಕರುಳಿಗೆ ಇಳಿದರೆ ಅಲ್ಲಿ ನೀರು ಸುರಿಯುತ್ತದೆ, ಅದೇ ಆ ಗಂಟೆಯೊಳಗಿನ ಅವಸರ. ಗಟ್ಟಿ ಕಾಯಿಹಾಲಿನಲ್ಲಿ 100 ಎಂ.ಎಲ್.ಗೆ 20 ಗ್ರಾಂಗೂ ಮೇಲೆ ಕೊಬ್ಬು, ಕೋಳಿಯ ಚರ್ಮದ್ದು ಬೇರೆ. ಒಂದು ಹೊತ್ತಿಗೆ ಕೊಬ್ಬು 15 ಗ್ರಾಂ ಮೀರದಂತೆ ಮೂರು-ನಾಲ್ಕು ಸಣ್ಣ ಊಟಕ್ಕೆ ಹಂಚಿ. ಕೋರಿ ರೊಟ್ಟಿ (ಕೋಳಿ ಗಸಿ, ಅಕ್ಕಿಯ ಗರಿ ರೊಟ್ಟಿ) ಬಿಡಬೇಕಾಗಿಲ್ಲ. ಗಸಿಗೆ ಮೊದಲ ಗಟ್ಟಿ ಹಾಲು ಬೇಡ, ಕೊತ್ತಂಬರಿ-ಮೆಣಸಿನ ಮಸಾಲೆಗೆ ನಾಲ್ಕು ಚಮಚ ಕಾಯಿ ಅರೆದು ಹಾಕಿ, ಕೋಳಿಯ ಚರ್ಮ ತೆಗೆಸಿ. ತುಪ್ಪದ ರೋಸ್ಟ್ ಸದ್ಯಕ್ಕೆ ಅವರ ತಟ್ಟೆಗೆ ಬೇಡ. ಇಸಬ್‌ಗೋಲ್ ಒಂದು ಟೀ ಚಮಚ ಊಟದ ಹೊತ್ತಿಗೆ ಒಂದು ಲೋಟ ನೀರಿನಲ್ಲಿ ಕಲಸಿ ಕೊಟ್ಟು ನೋಡಿ, ನೀರು ಹಿಡಿದು ಮಲ ಗಟ್ಟಿ ಮಾಡುತ್ತದೆ.

ಮೂರು-ನಾಲ್ಕು ವಾರಕ್ಕೂ ಹಿಡಿತಕ್ಕೆ ಬಾರದಿದ್ದರೆ ಹೊಟ್ಟೆಯ ತಜ್ಞರು ಕೊಲೆಸ್ಟೈರಮಿನ್ ಪುಡಿ ಕೊಡಬಹುದು. ಅದು ಪಿತ್ತಾಮ್ಲವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ, ಆದರೆ ಥೈರಾಯ್ಡ್ ಮಾತ್ರೆಯನ್ನೂ ಹಿಡಿದುಕೊಳ್ಳುತ್ತದೆ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಎದ್ದ ಕೂಡಲೇ, ಪುಡಿ ಮಧ್ಯಾಹ್ನದ ನಂತರ, ಎರಡಕ್ಕೂ ನಡುವೆ ನಾಲ್ಕರಿಂದ ಆರು ಗಂಟೆ ಅಂತರ ಬೇಕು. ಇಸಬ್‌ಗೋಲನ್ನೂ ಆ ಮಾತ್ರೆಯ ಹತ್ತಿರ ತರಬೇಡಿ. ವೈದ್ಯರ ಹತ್ತಿರ ಹೋಗುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ ಹೊತ್ತು ಸಮೇತ ಬರೆದುಕೊಂಡು ಹೋಗಿ.